ಗಿಣಿಯ ಪಕ್ಕದ ಸೀಟು

ಎರಡೇ ಸೀಟಿನ ಕಾರು ಇಟ್ಟುಕೊಂಡವನಿಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಬಾರದು. ಹುಟ್ಟಿದರೆ ಏನಾಗುತ್ತದೆ ಎಂದು ತಿಳಿಯಬೇಕಾದವರು ಈ ಗ್ಯಾರೇಜಿಗೆ ಬಂದು ನೋಡಬಹುದು.

ಕಾರಿನ ಹೆಸರು ಗಿಣಿ. ಮೈಯೆಲ್ಲ ಹಸಿರು, ಮೂತಿಯ ಜಾಲರಿಯ ಸುತ್ತ ಕೆಂಪು ಪಟ್ಟಿ. ತಲೆಯ ಮೇಲೆ ಸೂರಿಲ್ಲ, ಹಿಂದೆ ಸೀಟಿಲ್ಲ, ಬಾಗಿಲಂತೂ ಮೊಣಕಾಲೆತ್ತರ. ಅಪ್ಪ ಮದುವೆಗೆ ಮುಂಚೆಯೇ ಗುಜರಿಯಿಂದ ಎತ್ತಿ ತಂದು, ಮೂಳೆಗೆ ಮೂಳೆ ಕೂಡಿಸಿ ಜೀವ ಬರಿಸಿದ ಗಾಡಿ ಅದು. ವರ್ಷಕ್ಕೊಂದು ಭಾನುವಾರ ಹಳೆಯ ಕಾರುಗಳವರೆಲ್ಲ ಊರಾಚೆಯ ಗುಡ್ಡದ ಬುಡದಲ್ಲಿ ಸೇರಿ, ಒಂದೊಂದಾಗಿ ಗಾಡಿ ಹತ್ತಿಸುತ್ತಾರೆ. ಆ ದಿನ ಗಿಣಿಯ ಸ್ಟಿಯರಿಂಗ್ ಹಿಡಿಯುವವನು ಅಪ್ಪ. ಪಕ್ಕದ ಸೀಟಿಗೆ ಅವನೇ ಒಂದು ಕಾನೂನು ಮಾಡಿದ್ದ: ಆ ವರ್ಷ ಗಿಣಿಯನ್ನು ಟ್ಯೂನ್ ಮಾಡಿದವರು ಮಾತ್ರ ಅಲ್ಲಿ ಕೂರಬೇಕು. "ಅಡುಗೆ ಮಾಡಿದೋರೇ ಮೊದಲು ಉಣ್ಬೇಕು. ವಿಷ ಇದ್ರೆ ಅವರಿಗೇ ಗೊತ್ತಾಗ್ಲಿ" ಎನ್ನುತ್ತಿದ್ದ.

ಹತ್ತೊಂಬತ್ತು ವರ್ಷ ಆ ಸೀಟಿನಲ್ಲಿ ಕೂತವಳು ದೊಡ್ಡ ಮಗಳು. ಸುತ್ತಮುತ್ತಲ ಶೆಡ್ಡುಗಳವರು ಅವಳನ್ನು ಕರೆಯುತ್ತಿದ್ದದ್ದೇ ಕಿವಿಯಮ್ಮ ಎಂದು. ಅವಳ ಹತ್ತಿರ ಮೊಳದುದ್ದದ ಒಂದು ರಬ್ಬರ್ ಪೈಪಿತ್ತು. ಅದರ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು ಗಾಳಿ ಒಳಗೆ ನುಗ್ಗುವ ಸುಯ್ಯೆನ್ನುವ ಸದ್ದನ್ನು ಕೇಳುತ್ತಿದ್ದಳು. ಗಿಣಿಗೆ ಕಾರ್ಬುರೇಟರು ಎರಡು, ಒಂದೊಂದಕ್ಕೆ ಎರಡರಂತೆ ಅಂಥ ಬಾಯಿಗಳು ನಾಲ್ಕು. ನಾಲ್ಕರ ಸದ್ದೂ ಒಂದೇ ಆಗುವ ತನಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕಣ್ಣು ಮುಚ್ಚಿ, ತನ್ನಷ್ಟಕ್ಕೆ ನಗುತ್ತಿದ್ದಳು. ಕಲಿಸಿದವನು ಅಪ್ಪ. ಅವಳ ಕೆಲಸ ಮುಗಿದ ಮೇಲೆ ಅದೇ ಪೈಪನ್ನು ಅವನೂ ಒಮ್ಮೆ ಕಿವಿಗೆ ಹಿಡಿದು "ಭೇಷ್" ಎಂದರೆ ಆ ವರ್ಷದ ಟ್ಯೂನಿಂಗ್ ಮುಗಿಯಿತು. ಆ ಒಂದು ಭೇಷ್ ಸಿಕ್ಕಿದರೆ ಅವಳಿಗೆ ವರ್ಷವಿಡೀ ಹೊಟ್ಟೆ ತುಂಬಿದ ಹಾಗೆ.

ಈ ವರ್ಷ ಆ ಹೊಟ್ಟೆಗೆ ಕಿಚ್ಚು ಬಿತ್ತು.

ಚಿಕ್ಕವಳು ಪುಟ್ಟಿ ಆರು ವರ್ಷ ಹೊಸ ಕಾರುಗಳ ಷೋರೂಮಿನ ವರ್ಕ್‌ಶಾಪಿನಲ್ಲಿ ದುಡಿದು, ಅಲ್ಲಿಯ ಮ್ಯಾನೇಜರನಿಗೆ ಎರಡು ಮಾತು ಅಂದು ಬಂದು, ಹೋದ ವರ್ಷ ಅಪ್ಪನ ಗ್ಯಾರೇಜಿಗೇ ಸೇರಿಕೊಂಡಿದ್ದಳು. ಬರುವಾಗ ಒಂದು ಲ್ಯಾಪ್‌ಟಾಪು ತಂದಿದ್ದಳು. ಗುಡ್ಡದ ಭಾನುವಾರಕ್ಕೆ ಇನ್ನೂ ತಿಂಗಳಿರುವಾಗ, ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಅಪ್ಪ ಹೇಳಿದ: "ಗಿಣಿಗೆ ಇನ್ನು ಕಾರ್ಬುರೇಟರ್ ಬೇಡ. ಪುಟ್ಟಿ ಇಂಜೆಕ್ಷನ್ ಹಾಕ್ತಾಳೆ."

ಕಿವಿಯಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಯಾಕಪ್ಪಾ, ಏನಾಗಿದೆ ಅದಕ್ಕೆ?"

"ಈಗಿನ ಪೆಟ್ರೋಲು ಅದಕ್ಕೆ ಒಗ್ಗಲ್ಲ. ಕಾಲಕ್ಕೆ ತಕ್ಕಂತೆ ಹೋಗ್ಬೇಕು" ಎಂದ ಅಪ್ಪ. ಕಾಲಕ್ಕೆ ತಕ್ಕಂತೆ! ಮೂವತ್ತು ವರ್ಷದಿಂದ ಒಂದೇ ಮಾದರಿಯ ಚಪ್ಪಲಿ ಮೆಟ್ಟುವ ಮನುಷ್ಯನ ಬಾಯಲ್ಲಿ ಬಂದ ಮಾತು ಇದು.

ಅವಳು ಸಿಟ್ಟು ನುಂಗಿಕೊಂಡಳು. ಎರಡು ಕಾರ್ಬುರೇಟರುಗಳನ್ನೂ ತಾನೇ ಬಿಚ್ಚಿ, ಒರೆಸಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಅವುಗಳಿದ್ದ ಜಾಗದಲ್ಲಿ ಪುಟ್ಟಿ ಪಳಪಳ ಹೊಳೆಯುವ ಹೊಸ ಸಾಮಾನು ಕೂರಿಸತೊಡಗಿದಳು. ಕಾರ್ಬುರೇಟರ್ ಎಂದರೆ ಗಾಳಿ ಎಳೆದಂತೆಲ್ಲ ಪೆಟ್ರೋಲು ತಾನಾಗಿ ಜೊತೆಗೆ ಹೋಗುವ ಏರ್ಪಾಟು. ಇಂಜೆಕ್ಷನ್ ಹಾಗಲ್ಲ. ಪಂಪು ಪೆಟ್ರೋಲನ್ನು ರಭಸದಿಂದ ತಳ್ಳುತ್ತದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರುಗಳು, ಕಂಪ್ಯೂಟರಿನ ಪುಟ್ಟ ಪೆಟ್ಟಿಗೆ ಹೇಳಿದಷ್ಟೇ ಹೊತ್ತು ಬಾಯಿ ತೆರೆದು ಚಿಮ್ಮಿಸುತ್ತವೆ. ನಾಲ್ಕೂ ಸಿಲಿಂಡರಿನ ಹೊಗೆ ಒಂದಾಗುವ ಕೊಳವೆಯಲ್ಲಿ ಒಂದು ಸೆನ್ಸರು ಕೂತು, ಪೆಟ್ರೋಲು ಹೆಚ್ಚೋ ಕಡಿಮೆಯೋ ಎಂದು ಮೂಸಿ ಪೆಟ್ಟಿಗೆಗೆ ಚಾಡಿ ಹೇಳುತ್ತದೆ. ಪೆಟ್ಟಿಗೆ ಅದನ್ನು ನಂಬಿ ಲೆಕ್ಕ ತಿದ್ದಿಕೊಳ್ಳುತ್ತದೆ. ಗಾಡಿ ಓಡಿಸಿದಷ್ಟೂ ಕಲಿಯುತ್ತದೆ.

ಆ ಕೆಲಸದಲ್ಲಿ ಕಿವಿಯಮ್ಮನ ಪಾಲಿಗೆ ಬಂದದ್ದು ಒಂದೇ ಒಂದು. ಪುಟ್ಟಿ ಗಾಡಿಯಡಿಯಿಂದ ಕೂಗಿದಳು: "ಅಕ್ಕಾ, ಆ ಪೆಟ್ರೋಲ್ ಪೈಪು ಒಂದು ಗೇಣು ಕತ್ತರಿಸಿ ಸಿಕ್ಕಿಸ್ತೀಯಾ? ಫಿಲ್ಟರಿಂದ ಇಂಜೆಕ್ಟರ್ ಕಡೆಗೆ ಹೋಗೋದು."

ನಿನ್ನೆ ಮೊನ್ನೆ ಬಂದವಳು, ತನಗೆ ಪೈಪು ಕತ್ತರಿಸಲು ಹೇಳುತ್ತಾಳೆ! ಕೈಗೆ ಸಿಕ್ಕ ಬ್ಲೇಡು ತೆಗೆದುಕೊಂಡಳು. ಅದು ಹಳೆಯ ಗ್ಯಾಸ್ಕೆಟ್ ಕೆರೆದು ಕೆರೆದು ಮೊಂಡಾಗಿತ್ತು. ಕತ್ತರಿಸಿದಳೆನ್ನುವುದಕ್ಕಿಂತ ಜಗಿದಳು ಎನ್ನಬೇಕು. ಸಿಕ್ಕಿಸಿ, ಕ್ಲಿಪ್ಪು ಬಿಗಿದು, ಕೈ ಒರೆಸಿಕೊಂಡು ಹೊರಟುಹೋದಳು.

ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಪಕ್ಕದ ಶೆಡ್ಡಿನ ಪೇಂಟರ್ ಕೂಡ ಕುಂಚ ಬಿಟ್ಟು ಬಂದ. ಪುಟ್ಟಿ ಕೀ ತಿರುಗಿಸಿದ್ದೇ ತಡ, ಗಿಣಿ ಎದ್ದಿತು. ಮುಂಚೆಯಾದರೆ ಐದು ಸಲ ಕೆಮ್ಮಿ, ಎರಡು ಸಲ ಸೀನಿ, ಆಮೇಲೆ ಏಳುತ್ತಿದ್ದ ಗಾಡಿ. ಪೇಂಟರ್ ಚಪ್ಪಾಳೆ ತಟ್ಟಿದ. "ಕಿವಿಯಮ್ಮಾ, ನಿನ್ನ ಕಿವಿಗಿನ್ನು ಓಲೆ ಹಾಕ್ಕೊಳ್ಳೋದೊಂದೇ ಕೆಲಸ!"

ಕಿವಿಯಮ್ಮನಿಗೆ ಆ ಮಾತು ಅರ್ಧ ಕೇಳಿಸಿತು. ಮಿಕ್ಕರ್ಧ ಕಿವಿ ಇಂಜಿನ್ನಿನ ಮೇಲಿತ್ತು. ನಾಲ್ಕು ಹೆಜ್ಜೆಯಲ್ಲಿ ಒಂದು ಕುಂಟುತ್ತಿತ್ತು. ಸಣ್ಣ ಕುಂಟು, ಚಪ್ಪಲಿಯಲ್ಲಿ ಹರಳು ಹೊಕ್ಕವರು ನಡೆದ ಹಾಗೆ. ಒಂದು ಸಿಲಿಂಡರ್ ಹಸಿದಿದೆ, ಅದಕ್ಕೆ ಪೆಟ್ರೋಲು ಸಾಲುತ್ತಿಲ್ಲ. ಮನೆಯಿಂದ ಅಂಗಡಿಗೆ ಹೋಗಿ ಬರುವಷ್ಟಕ್ಕೆ ಏನೂ ಆಗುವುದಿಲ್ಲ. ಗುಡ್ಡದಲ್ಲಿ ಕಾಲನ್ನು ತಳಮಟ್ಟ ಒತ್ತಿ ಹತ್ತಿಸಿದರೆ, ಹಸಿದ ಸಿಲಿಂಡರ್ ಕಾದು ಕೆಂಡವಾಗಿ ಪಿಸ್ಟನ್ನಿಗೆ ತೂತು ಬೀಳುತ್ತದೆ.

ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಅವಳ ಜೇಬಿನಿಂದಲೇ ರಬ್ಬರ್ ಪೈಪು ಎಳೆದುಕೊಂಡು, ಬಾನೆಟ್ಟಿನ ಮೇಲೆ ಬಗ್ಗಿ, ಗಾಳಿ ನುಗ್ಗುವ ಒಂದೊಂದು ಬಾಯಿಗೂ ಹಿಡಿದು ಕೇಳಿದ. ಎದ್ದು ನಿಂತು ಪುಟ್ಟಿಯ ಬೆನ್ನು ತಟ್ಟಿದ. "ಭೇಷ್! ಗಡಿಯಾರ ಇದ್ದ ಹಾಗಿದೆ."

ತೆರೆದ ಬಾಯನ್ನು ಕಿವಿಯಮ್ಮ ಮುಚ್ಚಿಕೊಂಡಳು. ಆ ಭೇಷ್ ತನ್ನದು. ಹತ್ತೊಂಬತ್ತು ವರ್ಷ ಬೆವರು ಸುರಿಸಿ ಗಳಿಸಿದ್ದನ್ನು ಅಪ್ಪ ಕುಂಟುವ ಗಾಡಿಗೆ ಎತ್ತಿ ಕೊಟ್ಟಿದ್ದ. ಸದ್ದು ಅವನಿಗೆ ಗೊತ್ತಾಗಲಿಲ್ಲ ಎಂದು ಅವಳಿಗೆ ಕನಸಿನಲ್ಲಿಯೂ ಅನ್ನಿಸಲಿಲ್ಲ. ಬೀದಿ ತಿರುವಿನಲ್ಲಿ ಬರುವ ಗಾಡಿಯ ಸದ್ದು ಕೇಳಿ ಅದರ ರೋಗ ಹೇಳುತ್ತಿದ್ದ ಮನುಷ್ಯ ಅವನು. ಗೊತ್ತಾಗಿದೆ, ಬೇಕೆಂತಲೇ ಚಿಕ್ಕವಳನ್ನು ಎತ್ತಿ ಕಟ್ಟುತ್ತಿದ್ದಾನೆ ಎಂದುಕೊಂಡಳು. ನೋಡೋಣ, ಎಷ್ಟು ದಿನ ಮುಚ್ಚಿಡುತ್ತಾನೆ. ಗುಡ್ಡ ಹತ್ತಿಸುವ ಮುಂಚೆ ಹೇಳಲೇಬೇಕಲ್ಲ. 'ಇದು ಪುಟ್ಟಿಯ ಕೈಲಾಗದ ಕೆಲಸ, ದೊಡ್ಡವಳನ್ನು ಕರೀರಿ' ಎಂದು ಅವನ ಬಾಯಿಂದಲೇ ಬರಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹೀಗೆ ಹನ್ನೊಂದು ದಿನ ಕಳೆದವು.

ಪುಟ್ಟಿ ದಿನವೂ ಗಾಡಿ ಓಡಿಸಿದಳು, ದಿನವೂ ಲ್ಯಾಪ್‌ಟಾಪಿನಲ್ಲಿ ಅಂಕಿ ತಿದ್ದಿದಳು. ಪಕ್ಕದ ಸೀಟಿನಲ್ಲಿ ಹೊಸ ಕನ್ನಡಕ ಹಾಕಿಕೊಂಡು, ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪ. "ಹದಿಮೂರು ಪಾಯಿಂಟ್ ಎರಡು! ಹದಿಮೂರು ಪಾಯಿಂಟ್ ನಾಲ್ಕು!" ಎಂದು, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬ ಲೆಕ್ಕವನ್ನು ಲಾಟರಿ ನಂಬರ್ ಓದುವವನ ಹಾಗೆ ಕೂಗುತ್ತ ಬೀದಿಯಲ್ಲಿ ಹೋಗುತ್ತಿದ್ದ. ಕಿವಿಯಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅಪ್ಪ ಒಂದು ದಿನ, ಒಂದೇ ಒಂದು ದಿನ, ಆ ಸ್ಟಿಯರಿಂಗನ್ನು ಅವಳ ಕೈಗೆ ಕೊಟ್ಟಿರಲಿಲ್ಲ. "ನಿನ್ನ ಕೆಲಸ ಕೇಳೋದು, ಓಡಿಸೋದಲ್ಲ" ಎನ್ನುತ್ತಿದ್ದ. ಈಗ ಇವಳು ಓಡಿಸುತ್ತಾಳೆ, ಅವನು ಪಕ್ಕದಲ್ಲಿ ಹಲ್ಲು ಕಿರಿಯುತ್ತಾನೆ. ಹೊಟ್ಟೆ ಉರಿಯುವುದೆಂದರೆ ಏನೆಂದು ಅವಳಿಗೆ ಆಗ ಸರಿಯಾಗಿ ತಿಳಿಯಿತು. ಅದು ಮಾತಿಗೆ ಹೇಳುವುದಲ್ಲ, ನಿಜವಾಗಿಯೇ ಎದೆಗೂಡಿನ ಕೆಳಗೆ ಉರಿಯುತ್ತದೆ. ಮಜ್ಜಿಗೆ ಕುಡಿದರೂ ಹೋಗುವುದಿಲ್ಲ.

"ಅಂಕಿ ಎಲ್ಲಾ ಸರಿಯಾಗಿದೆ ಅಕ್ಕ, ಆದ್ರೂ ಗಾಡಿ ಎಳೀತಿಲ್ಲ" ಎಂದಳು ಪುಟ್ಟಿ ಒಂದು ದಿನ. ಸೋತ ಮುಖ. ಸೈಲೆನ್ಸರಿನ ಬಾಯಿ ಮಸಿಯಿಂದ ಕಪ್ಪಾಗಿತ್ತು. ಕಿವಿಯಮ್ಮನಿಗೆ ಅದರ ಅರ್ಥವೂ ಗೊತ್ತಿತ್ತು. ಹೊಗೆ ಒಂದಾದ ಮೇಲೆ ಮೂಸುವ ಸೆನ್ಸರಿಗೆ ಹಸಿದವರು ಯಾರು, ಉಂಡವರು ಯಾರು ತಿಳಿಯುವುದಿಲ್ಲ. ಮೊತ್ತದಲ್ಲಿ ಕಡಿಮೆಯಿದೆ ಎಂದು ಪೆಟ್ಟಿಗೆ ನಾಲ್ವರಿಗೂ ಹೆಚ್ಚು ಬಡಿಸುತ್ತಿದೆ. ಮೂವರು ಉಂಡು ಉಬ್ಬುತ್ತಿದ್ದಾರೆ, ಒಬ್ಬ ಇನ್ನೂ ಉಪವಾಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು.

"ಅಪ್ಪ ಭೇಷ್ ಅಂದಿದಾನಲ್ಲ, ಮತ್ತೇನು?" ಎಂದಳು ಕಿವಿಯಮ್ಮ. ಆಡಿದ ಮಾತು ತನಗೇ ಕಹಿಯಾಯಿತು. ಆದರೂ ಆಡಿದಳು.

ಶನಿವಾರ ಬಂತು, ಮರುದಿನವೇ ಗುಡ್ಡ. ಪುಟ್ಟಿ ಸಾಮಾನು ತರಲು ಹೋಗಿದ್ದಳು. ಕಿವಿಯಮ್ಮ ಊಟ ಮುಗಿಸಿ ಬಂದಾಗ ಗಿಣಿಯ ಇಂಜಿನ್ ಓಡುತ್ತಿತ್ತು, ಅದೇ ಕುಂಟು ಹೆಜ್ಜೆಯಲ್ಲಿ. ಅಪ್ಪ ಒಬ್ಬನೇ ಅವಳಿಗೆ ಬೆನ್ನು ಹಾಕಿ ಬಾನೆಟ್ಟಿನ ಮೇಲೆ ಬಗ್ಗಿ, ಪೈಪನ್ನು ಕಿವಿಗೆ ಇಟ್ಟುಕೊಂಡು ತಲೆದೂಗುತ್ತಿದ್ದ. ಇವತ್ತಾದರೂ ಹೇಳುತ್ತಾನೆ ಎಂದು ಅವಳು ಹತ್ತಿರ ಹೋದಳು.

ಪೈಪಿನ ಇನ್ನೊಂದು ತುದಿ ಇಂಜಿನ್ನಿನ ಬಾಯಲ್ಲಿರಲಿಲ್ಲ. ಜಾರಿ, ಮಡ್‌ಗಾರ್ಡಿನ ಆಚೆ ಗಾಳಿಯಲ್ಲಿ ನೇತಾಡುತ್ತಿತ್ತು. ಅಪ್ಪ ಮಾತ್ರ ಸಂಗೀತ ಕೇಳುವವನ ಹಾಗೆ ತಲೆದೂಗುತ್ತಲೇ ಇದ್ದ.

"ಅಪ್ಪ" ಎಂದಳು. ತಿರುಗಲಿಲ್ಲ. "ಅಪ್ಪಾ!" ಎಂದು ಕಿರುಚಿದಳು. ತಿರುಗಲಿಲ್ಲ. ಒಳಗೆ ಕೈಹಾಕಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಅಂಗೈ ಕೆಳಗಿನ ನಡುಕ ನಿಂತದ್ದು ತಿಳಿದು ಅಪ್ಪ ತಲೆಯೆತ್ತಿ ನೋಡಿದ. ಅವಳು ನೇತಾಡುವ ತುದಿಯನ್ನು ಎತ್ತಿ ಅವನ ಕಣ್ಣೆದುರು ಹಿಡಿದಳು.

ಪರೀಕ್ಷೆಯಲ್ಲಿ ಚೀಟಿ ಸಿಕ್ಕಿಬಿದ್ದ ಹುಡುಗನ ಮುಖವಾಯಿತು ಅವನದು.

"ಯಾವಾಗಿಂದ?" ಎಂದು ಕೇಳಿದಳು.

"ಎರಡು ವರ್ಷ ಆಯ್ತು. ಎದುರಿಗಿದ್ರೆ ಮಾತು ತಿಳಿಯುತ್ತೆ. ಆ ಸಣ್ಣ ಸುಯ್ಯನ್ನೋದು, ಅದು ಹೋಯ್ತು."

"ಮತ್ತೆ ಭೇಷ್ ಅಂತಿದ್ದೆಯಲ್ಲ?"

"ನಿನ್ನ ಮುಖ ನೋಡಿ ಅಂತಿದ್ದೆ. ಮೊದಲು ನಿನ್ನನ್ನೇ ಹೇಗಿದೆ ಅಂತ ಕೇಳ್ತಿದ್ದೆ, ನೀನು ಹೇಳಿದ್ದನ್ನೇ ಹೇಳ್ತಿದ್ದೆ."

ಹೌದು, ಕೇಳುತ್ತಿದ್ದ. ಎರಡು ವರ್ಷದಿಂದ ಮೊದಲು ಅವಳನ್ನೇ ಕೇಳುತ್ತಿದ್ದ. ತನ್ನ ಮಾತಿಗೆ ಬೆಲೆ ಬಂತು ಎಂದು ಅವಳು ಹಿಗ್ಗಿದ್ದಳು.

"ನಂಗೆ ಹೇಳಬಾರದಿತ್ತಾ? ನಾನೇನು ಹೊರಗಿನವಳಾ?"

ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಒರೆಸುವುದು ಮುಗಿಯಲೇ ಇಲ್ಲ. "ನಿಂಗೇ ಹೇಳೋಕಾಗ್ಲಿಲ್ಲ. ನೀನು ಆ ಪೈಪು ಇಟ್ಕೊಂಡು ಕಣ್ಮುಚ್ಚಿ ನಗ್ತಿದ್ದೆ ನೋಡು, ನಂಗೆ ಹೊಟ್ಟೆ ಉರೀತಿತ್ತು ಕಣೇ. ಕಲಿಸಿದೋನು ನಾನು, ನಂಗಿಲ್ಲ, ನಿಂಗಿದೆ. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡೋ ಅಪ್ಪ ಎಲ್ಲಾದ್ರೂ ಇದಾನಾ? ಇಲ್ಲಿದೀನಿ ನೋಡು. ಕಂಪ್ಯೂಟರಲ್ಲಾದ್ರೆ ಅಂಕಿ ಬರುತ್ತೆ, ಕಣ್ಣಲ್ಲಿ ಓದ್ಬಹುದು. ನಿನ್ನ ಮುಖ ನೋಡ್ಬೇಕಾಗಿಲ್ಲ. ಅದಕ್ಕೇ ಪುಟ್ಟಿಗೆ ಹೇಳ್ದೆ."

ಕಿವಿಯಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳುವೋ ನಗುವೋ ಗೊತ್ತಾಗಲಿಲ್ಲ. ತನ್ನ ಎದೆಗೂಡಿನ ಕೆಳಗಿನ ಉರಿ ಎಲ್ಲಿಯದು ಎಂದು ಈಗ ತಿಳಿಯಿತು. ಕಿವಿಯ ಜೊತೆಗೇ ಬಂದ ಪಿತ್ರಾರ್ಜಿತ ಆಸ್ತಿ.

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಅಪ್ಪನಿಗೆ ಕೇಳಿಸಿಲ್ಲ. ಪುಟ್ಟಿಗೂ ಕೇಳಿಸಿಲ್ಲ. ಹನ್ನೊಂದು ದಿನದಿಂದ ಆ ಕುಂಟು ಹೆಜ್ಜೆ ಕೇಳುತ್ತಿರುವವಳು ಈ ಭೂಮಿಯ ಮೇಲೆ ತಾನೊಬ್ಬಳೇ. ತಾನು ಬಾಯಿ ಬಿಡದಿದ್ದರೆ ನಾಳೆ ಅವರಿಬ್ಬರೂ ನಗುನಗುತ್ತ ಗಿಣಿಯನ್ನು ಗುಡ್ಡಕ್ಕೆ ಒಯ್ದು ಸುಟ್ಟುಕೊಂಡು ಬರುತ್ತಾರೆ. ಅಪ್ಪನಿಗೆ ಉಳಿದಿರುವುದು ಆ ಗಾಡಿ ಒಂದೇ.

ಪುಟ್ಟಿ ಬಂದು ಚೀಲ ಇಡುವ ಮುಂಚೆಯೇ ಹೇಳಿಬಿಟ್ಟಳು: "ಪುಟ್ಟಿ, ಒಂದು ಸಿಲಿಂಡರ್ ಹಸಿದಿದೆ. ಮೊದಲ ದಿನದಿಂದ."

"ನಿಂಗೆ ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ."

ಪುಟ್ಟಿ ಅವಳನ್ನು ನೋಡಿದ ನೋಟಕ್ಕಿಂತ ಎರಡು ಏಟು ಹೊಡೆದಿದ್ದರೇ ವಾಸಿಯಿತ್ತು. ಸ್ಪ್ಯಾನರ್ ತೆಗೆದುಕೊಂಡು ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಮೇಜಿನ ಮೇಲೆ ಸಾಲಾಗಿಟ್ಟಳು. ಮೂರು ಇದ್ದಿಲಿನಂತೆ ಕಪ್ಪು. ಉಳಿದೊಂದು, ಮೂರನೆಯ ಸಿಲಿಂಡರಿನದು, ಪೆಟ್ರೋಲು ಸಾಲದೆ ಸುಣ್ಣದಂತೆ ಬಿಳಿ. ಆ ಸಿಲಿಂಡರಿನ ಇಂಜೆಕ್ಟರನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಪೆಟ್ರೋಲು ಒಳಬರುವ ತುದಿಯ ಪುಟ್ಟ ಜರಡಿಗೆ ಅಡ್ಡವಾಗಿ ಸಾಸಿವೆ ಕಾಳಿನಷ್ಟು ಕಪ್ಪು ಚೂರೊಂದು ಕೂತಿತ್ತು. ಸೂಜಿಯಿಂದ ಎಬ್ಬಿಸಿ ಬೆರಳಲ್ಲಿ ಒತ್ತಿ ನೋಡಿದಳು. "ರಬ್ಬರು. ಫಿಲ್ಟರ್ ದಾಟಿ ಇದು ಹೇಗೆ ಬಂತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಿವಿಯಮ್ಮನ ಕೈ ತಾನಾಗಿ ಆ ಮೊಂಡು ಬ್ಲೇಡಿನ ಕಡೆ ಹೋಯಿತು. ಪೈಪು ಕತ್ತರಿಸಿದ ಮೇಲೆ ಗಾಳಿ ಹೊಡೆದು ಒಳಗಿನ ಚೂರು ಹಾರಿಸಬೇಕೆಂದು ಪುಟ್ಟಿಗೆ ಕಲಿಸಿದವಳೇ ಅವಳು. ಅವಳ ಕಾರ್ಬುರೇಟರಿಗೆ ಸೇರುವ ಪೈಪಾಗಿದ್ದರೆ ಎರಡು ಸಲ ಹೊಡೆಯುತ್ತಿದ್ದಳು.

"ನಾನು ಕತ್ತರಿಸಿದ ಪೈಪಿಂದ" ಎಂದಳು. "ಬೇಕಂತ ಮಾಡಿದ್ದಲ್ಲ. ಆದ್ರೆ ಮನಸ್ಸಿಟ್ಟೂ ಮಾಡ್ಲಿಲ್ಲ."

"ಹನ್ನೊಂದು ದಿನ, ಅಕ್ಕ! ನಾನೇ ದಡ್ಡಿ ಅಂದ್ಕೊಂಡಿದ್ದೆ."

"ದಡ್ಡಿ ನೀನಲ್ಲ. ನಂಗೆ ಹೊಟ್ಟೆಕಿಚ್ಚು."

ಪುಟ್ಟಿ ಪೈಪನ್ನು ಹರಿತವಾದ ಬ್ಲೇಡಿನಿಂದ ಹೊಸದಾಗಿ ಕತ್ತರಿಸಿ, ಗಾಳಿ ಹೊಡೆದು, ಇಂಜೆಕ್ಟರು ತೊಳೆದು, ಪ್ಲಗ್ಗು ಬದಲಿಸಿ, ಪೆಟ್ಟಿಗೆ ಕಲಿತದ್ದನ್ನೆಲ್ಲ ಅಳಿಸಿದಳು. ತಪ್ಪು ಪಾಠ ಮರೆತು ಮೊದಲಿನಿಂದ ಕಲಿಯಬೇಕಿತ್ತು ಅದು. ಆಮೇಲೆ ಮುಖ ನೋಡದೆ ಹೇಳಿದಳು: "ನೀನು ಓಡ್ಸು. ನಾನು ಅಂಕಿ ನೋಡ್ಬೇಕು."

ಸಂಜೆಯ ತನಕ ಅವರು ಊರಾಚೆಯ ರಸ್ತೆಯಲ್ಲಿ ಹೋಗಿ ಬಂದು ಮಾಡಿದರು. ಎರಡನೆಯ ಗೇರಿನಲ್ಲಿ ಏರು ಹತ್ತುವಾಗ ಕಿವಿಯಮ್ಮ "ಇಲ್ಲಿ ಒಣಗ್ತಿದೆ, ಪೆಟ್ರೋಲು ಸಾಲ್ತಿಲ್ಲ" ಎನ್ನುತ್ತಿದ್ದಳು. ಅವಳ ಮಾತು ಮುಗಿದ ಮೇಲೆ ಅಂಕಿ ಮೇಲೇರುತ್ತಿತ್ತು. ನಾಲ್ಕನೆಯ ಸಲವೂ ಹಾಗೇ ಆದಾಗ ಪುಟ್ಟಿ ಲ್ಯಾಪ್‌ಟಾಪಿನ ಮೇಲೆ ಗುದ್ದಿದಳು. "ಅಂಕಿಗಿಂತ ಮುಂಚೆ ನಿಂಗೆ ಹೇಗೇ ಗೊತ್ತಾಗುತ್ತೆ? ಚಿಕ್ಕೋಳಿದ್ದಾಗ ಅಪ್ಪ ಆ ಪೈಪು ನನ್ನ ಕಿವಿಗೂ ಇಡ್ತಿದ್ದ. ಹೂಂ, ಕೇಳಿಸ್ತು ಅಂತ ಸುಳ್ಳು ಹೇಳ್ತಿದ್ದೆ. ಏನೂ ಕೇಳಿಸ್ತಿರಲಿಲ್ಲ."

ಮನೆಯವರಿಗೆಲ್ಲ ಒಂದೇ ರೋಗ ಎಂದುಕೊಂಡಳು ಕಿವಿಯಮ್ಮ. ತನಗಿಂತ ಚಿಕ್ಕವಳಿಗೂ ಹೊಟ್ಟೆ ಉರಿದಿತ್ತು ಎಂದು ತಿಳಿದು, ಹೇಳಬಾರದು, ಕೊಂಚ ಹಿತವೇ ಆಯಿತು.

ಭಾನುವಾರ ಗುಡ್ಡದ ಬುಡದಲ್ಲಿ ಗಿಣಿಯ ಸರದಿ ಬಂತು. ಪುಟ್ಟಿ ಪಕ್ಕದ ಸೀಟಿನ ಬಾಗಿಲ ಹತ್ತಿರ ನಿಂತಿದ್ದಳು. ಕಿವಿಯಮ್ಮ ಎರಡು ಮಾರು ಹಿಂದೆ, ಕೈಕಟ್ಟಿಕೊಂಡು. ಅಪ್ಪ ಇಬ್ಬರನ್ನೂ ನೋಡಿದ, ಗಾಡಿಯನ್ನು ನೋಡಿದ. ರಬ್ಬರ್ ಚೂರಿನ ಕತೆಯನ್ನು ಬೆಳಗಿನ ಕಾಫಿಯ ಹೊತ್ತಿಗೆ ಪುಟ್ಟಿ ಅವನಿಗೆ ಒಂದಕ್ಕೆರಡು ಸೇರಿಸಿ ಹೇಳಿಯಾಗಿತ್ತು.

"ಕಾನೂನು ಕಾನೂನೇ" ಎಂದ. "ಟ್ಯೂನ್ ಮಾಡಿದೋರು ಕೂರ್ಬೇಕು. ಇಬ್ರು ಮಾಡಿದೀರಿ. ಸೀಟು ಎರಡೇ." ಕೀಯನ್ನು ಕಿವಿಯಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ವಿಷ ಹಾಕಿದೋಳೇ ಮುಂದಾಗಿ ಉಣ್ಲಿ."

ಹಿಂಬದಿಯ ಗಾಡಿಗಳ ಹಾರನ್ ಕೇಳಿಸದ ಮನುಷ್ಯ ಇನ್ನು ಗಿಣಿಯನ್ನು ಓಡಿಸುವುದಿಲ್ಲ ಎಂದು ಕಿವಿಯಮ್ಮನೊಬ್ಬಳಿಗೇ ಅರ್ಥವಾಯಿತು. ಬೇಡಬೇಡವೆಂದರೂ ಬೇಕಾಗಿದ್ದ ಸ್ಟಿಯರಿಂಗು ಸಿಕ್ಕಿದ್ದು ಹೀಗೆ.

ಕಾಲು ಒತ್ತಿದಳು. ಗಿಣಿ ಹಾರಿತು. ಮೂರನೆಯ ತಿರುವು ಬಂತು. ಹತ್ತೊಂಬತ್ತು ವರ್ಷವೂ ಆ ತಿರುವಿನಲ್ಲಿ ಪೆಟ್ರೋಲು ಒಂದು ಕಡೆಗೆ ತುಳುಕಿ ಕಾರ್ಬುರೇಟರ್ ಕೆಮ್ಮುತ್ತಿತ್ತು. ಅವಳು ಎಷ್ಟು ತಿರುವಿದರೂ ಆ ಕೆಮ್ಮು ಮಾತ್ರ ಹೋಗಿರಲಿಲ್ಲ. ಈ ಸಲವೂ ಕೆಮ್ಮಲಿ ಎಂದು ಅವಳ ಮನಸ್ಸಿನ ಒಂದು ಮೂಲೆ ಬೇಡಿಕೊಂಡಿತು. ಹಾಳಾದ್ದು, ಕೆಮ್ಮಲಿಲ್ಲ. ನಾಲ್ಕು ಹೆಜ್ಜೆಯೂ ಒಂದೇ ಸಮನೆ ಬಿದ್ದವು. ಪುಟ್ಟಿ ಅಂಕಿ ಕೂಗುವುದನ್ನೂ ಮರೆತು ನಗುತ್ತಿದ್ದಳು.

ಕೆಳಗೆ ಬಂದಾಗ ಜನ ಸುತ್ತಿಕೊಂಡರು. ಪೇಂಟರ್ ಎಲ್ಲರನ್ನೂ ಸರಿಸಿ ಅಪ್ಪನ ಮುಂದೆ ನಿಂತ. "ಯಜಮಾನ್ರೇ, ನೀವು ಹೇಳಿ. ಸದ್ದು ಹೇಗಿತ್ತು?"

ಪುಟ್ಟಿ ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿದಳು. ಅವನು ಅದನ್ನು ನೋಡಲಿಲ್ಲ, ಕಿವಿಯಮ್ಮನ ಮುಖ ನೋಡಿದ. "ಹೇಗಿತ್ತು?" ಎಂದ.

ಚೆನ್ನಾಗಿತ್ತು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಅವಳು ಗಾಡಿಯಿಂದಿಳಿದು, ಅವನ ಎದುರಿಗೆ ನಿಂತು, ಒಂದೊಂದು ಅಕ್ಷರವೂ ತುಟಿಯಲ್ಲಿ ಕಾಣುವಂತೆ ಹೇಳಿದಳು: "ಕಾರ್ಬುರೇಟರಿಗಿಂತ ಚೆನ್ನಾಗಿದೆ. ಮೂರನೇ ತಿರುವಲ್ಲೂ ಕೆಮ್ಮಲಿಲ್ಲ."

ಅಪ್ಪ ಜನರ ಕಡೆ ತಿರುಗಿ ಎದೆಯುಬ್ಬಿಸಿದ. "ಕಾರ್ಬುರೇಟರಿಗಿಂತ ಚೆನ್ನಾಗಿದೆ! ಮೂರನೇ ತಿರುವಲ್ಲೂ ಕೆಮ್ಮಲಿಲ್ಲ. ಇಲ್ಲಿಂದ್ಲೇ ಕೇಳ್ದೆ ನಾನು."

"ಅಲ್ಲಿಂದ ಇಲ್ಲಿಗೆ ಕೇಳಿಸುತ್ತಾ?" ಎಂದು ಪೇಂಟರ್ ಹುಬ್ಬೇರಿಸಿ ಕಿವಿಯಮ್ಮನ ಕಡೆ ನೋಡಿದ.

ಎದೆಗೂಡಿನ ಕೆಳಗೆ ಒಮ್ಮೆ ಚುರ್ರೆಂದಿತು. ಆ ಕಿವಿ ಅವಳದು, ಆ ಮಾತೂ ಅವಳದು.

"ಕೇಳಿಸದೆ ಏನು?" ಎಂದಳು. "ನಂಗೆ ಕಲಿಸಿದೋನು ಅವನೇ ಅಲ್ವಾ?"